ಎಳೆಯದೆ ಬಿಟ್ಟ ಗೆರೆ

ಮೇ ತಿಂಗಳ ಹಾಳೆ ಇರಲಾರದು, ಮೇ ಇನ್ನೂ ಗೋಡೆಯ ಮೇಲಿತ್ತು. ಹಾಗಾದರೆ ಏಪ್ರಿಲ್. ಈ ಸಂಗತಿಯನ್ನು ನನಗೆ ನಾನೇ ಹೇಳಿಕೊಳ್ಳುವಾಗಲೆಲ್ಲ ಏಪ್ರಿಲ್ ಎಂದೇ ಹೇಳಿಕೊಂಡಿದ್ದೇನೆ. ಕ್ಯಾಲೆಂಡರಿನಿಂದ ಹರಿದಿಟ್ಟ ಏಪ್ರಿಲ್ ಹಾಳೆಯನ್ನು ಬೋರಲು ಹಾಕಿ, ಅದರ ಬಿಳಿ ಬೆನ್ನಿನ ಮೇಲೆ ಕೆಂಪು, ನೀಲಿ ಎರಡು ಪೆನ್ನಿನಿಂದ ಚಾರ್ಟು ಬರೆಯುತ್ತಿದ್ದೇನೆ. ಸೋದರಮಾವ ಎದುರಿಗೆ ಕೂತಿದ್ದಾನೆ. ಫ್ಯಾನಿನ ಗಾಳಿಗೆ ಹಾಳೆ ಏಳದಂತೆ ಒಂದು ಮೂಲೆಗೆ ತಂಬಿಗೆ ಇಟ್ಟಿದೆ. ಚಿತ್ರ ಇಷ್ಟು ಸ್ಪಷ್ಟವಾಗಿರುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಆ ಮಧ್ಯಾಹ್ನ ಕರೆಂಟು ಇತ್ತೇ? ತಂಬಿಗೆ ನಿಜವಾಗಿ ಇತ್ತೇ, ಅಥವಾ ಮುಂದೆ ಎಂದೋ ಬೇರೆ ಯಾವುದೋ ಹಾಳೆಯ ಮೇಲೆ ಕಂಡ ತಂಬಿಗೆ ಬಂದು ಇಲ್ಲಿ ಕೂತಿತೇ? ವರ್ಷ ಕೂಡ ಎರಡು ಸಾವಿರದ ನಾಲ್ಕೋ ಐದೋ. ಅಂಕಪಟ್ಟಿ ತೆಗೆದು ನೋಡಿದರೆ ತಿಳಿಯುತ್ತದೆ. ತೆಗೆದು ನೋಡುವುದಿಲ್ಲ. ವರ್ಷ ಗೊತ್ತಾದರೆ ಉಳಿದದ್ದೂ ಖರೇ ಎಂದು ನಂಬಿಬಿಡುವ ಭಯವಿದೆ.

ಅನುಮಾನವಿಲ್ಲದ ಸಂಗತಿಗಳನ್ನು ಮೊದಲು ಹೇಳುತ್ತೇನೆ. ನಾವು ಇದ್ದದ್ದು ರಾಣೇಬೆನ್ನೂರಿನಲ್ಲಿ. ಅಪ್ಪ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಕ್ಯಾಲೆಂಡರು ಆ ಅಂಗಡಿಯದೇ, ಕಾಗದ ದಪ್ಪ, ಹಿಂದೆ ಏನೂ ಅಚ್ಚಾಗಿರುತ್ತಿರಲಿಲ್ಲ. ಮೇ ತಿಂಗಳೆಂದರೆ ರೈತರು ಬಿತ್ತುವ ಬೀಜಕ್ಕೆ ಸಾಲು ಹಚ್ಚುವ ಕಾಲ, ಅಪ್ಪ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಆ ವರ್ಷ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಕುಪ್ಪೇಲೂರಿನಲ್ಲಿದ್ದ ನನ್ನ ಮಾವನ ಮಗಳೂ ಪಾಸಾದಳು. ಗಣಿತದಲ್ಲಿ ನನಗೆ ಎಪ್ಪತ್ತೆಂಟು, ಅವಳಿಗೆ ತೊಂಬತ್ಮೂರು.

ಮತ್ತೂ ಒಂದು ಅನುಮಾನವಿಲ್ಲದ್ದು: ಅವಳಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಾಗಬೇಕಿತ್ತು. ಅವರ ಶಾಲೆಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಗಣಿತದ ಅಕ್ಕೋರು ಒಬ್ಬರಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ಆ ಅಕ್ಕೋರು ಹಲಗೆಯ ಮೇಲೆ ವೃತ್ತವನ್ನು ದಾರ, ಕೈವಾರ ಏನೂ ಇಲ್ಲದೆ ಒಂದೇ ಬೀಸಿಗೆ ಬರೆಯುತ್ತಾರೆಂದು ಅವಳು ಹೇಳಿದ್ದಳು. ಎಲ್ಲಿ ಹೇಳಿದಳು ಎಂಬುದು ಮಾತ್ರ ಗೊಂದಲ. ಗಳಗನಾಥದಲ್ಲಿ, ಎರಡು ಹೊಳೆ ಕೂಡುವಲ್ಲಿ, ಮನೆಯವರೆಲ್ಲ ಬುತ್ತಿ ಬಿಚ್ಚಿಕೊಂಡು ಕೂತಾಗ ಎಂದು ಬಹಳ ದಿನ ಅಂದುಕೊಂಡಿದ್ದೆ. ಅವರ ಮನೆಯ ಹಿತ್ತಲೂ ಆಗಿರಬಹುದು. ಆದರೆ ಮಾತು ಅವಳದೇ.

"ನನಗ ಹೈಸ್ಕೂಲ್ ಅಕ್ಕೋರು ಆಗೂದೈತಿ. ಗಣಿತಾನ ಕಲಸಾಕಿ ಮತ್ತ. ಬ್ಯಾರೆ ಏನರ ಕೊಟ್ರ ಒಲ್ಲೆ."

ನಮ್ಮ ಬಳಗದಲ್ಲಿ ಕಾಲೇಜಿನ ಹಾದಿ ಗೊತ್ತಿದ್ದವರು ಯಾರೂ ಇರಲಿಲ್ಲ. ಯಾವ ವಿಷಯ ಓದಿದರೆ ಎಲ್ಲಿಗೆ ಹೋಗಬಹುದು, ಯಾವುದಕ್ಕೆ ಯಾವುದು ಕಡ್ಡಾಯ, ಈಗ ಬಿಟ್ಟ ವಿಷಯ ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದನ್ನು ನಾನು ಪತ್ರಿಕೆಯ ಪುರವಣಿ ಓದಿ, ನಮ್ಮ ಶಾಲೆಯ ಗಣಿತದ ಸರ್‌ಗೆ ಕೇಳಿ ತಿಳಿದುಕೊಂಡಿದ್ದೆ. ಅಕ್ಷರವೂ ದುಂಡಗಿತ್ತು. ಹಾಗಾಗಿ ಓಣಿಯವರ ಅರ್ಜಿಗಳನ್ನೆಲ್ಲ ನಾನೇ ತುಂಬುತ್ತಿದ್ದೆ. ರೇಷನ್ ಕಾರ್ಡಿನ ಅರ್ಜಿ, ಹಾಸ್ಟೆಲ್ ಅರ್ಜಿ, ಒಬ್ಬ ಮುದುಕಿಯ ಪೆನ್ಶನ್ ಅರ್ಜಿ. ಮನೆಯಲ್ಲಿ ನನ್ನನ್ನು ಶ್ಯಾಣ್ಯಾ, ಅಂದರೆ ಜಾಣ, ಎಂದು ಕರೆಯುತ್ತಿದ್ದರು. ಮೊದಮೊದಲು ಚೇಷ್ಟೆಗೆ, ಆಮೇಲೆ ಹಾಗೇ ರೂಢಿಯಾಗಿ. ನನಗೆ ಆ ಹೆಸರಿನ ಮೇಲೆ ಎಷ್ಟು ಆಸೆಯಿತ್ತೆಂಬುದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಫಲಿತಾಂಶ ಬಂದ ಎರಡೋ ಮೂರೋ ದಿನಕ್ಕೆ ಮಾವ ಮಗಳನ್ನು ಕರೆದುಕೊಂಡು ಮುಂಜಾನೆ ಬಸ್ಸಿಗೆ ಬಂದ. ಇಬ್ಬರಿಗೂ ಒಂದೇ ಕಾಲೇಜು, ಅರ್ಜಿ ಆಗಲೇ ತಂದಿಟ್ಟಿದ್ದೆ. ಹೊಸ್ತಿಲು ದಾಟುವ ಮೊದಲೇ ನನ್ನ ಅಜ್ಜಿ, ಅವ್ವನ ತಾಯಿ, ಆಗ ನಮ್ಮಲ್ಲೇ ಇದ್ದಳು, ಇಬ್ಬರ ಮಾರ್ಕ್ಸು ಕೇಳಿದಳು. ಮಾವ ಹೇಳಿದ. ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಆತು ಬಿಡು, ಗಂಡಗಿಂತ ಹೆಂಡ್ತಿನ ಶ್ಯಾಣ್ಯಾಕಿ ಆದ್ಳು. ನಾಳೆ ಇವನ ಪಗಾರಾನೂ ಆಕಿನ ಎಣಸ್ತಾಳ."

ಎಲ್ಲರೂ ನಕ್ಕರು. ಮಾವನ ಮಗಳೆಂದರೆ ಮದುವೆಯ ಮಾತು ಬಂದೇ ಬರುತ್ತದೆ, ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಚೇಷ್ಟೆ ಅದು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅವಳೂ ನಕ್ಕಳು. ನಾನೂ ನಕ್ಕಿರಬೇಕು.

ಈ ಪ್ಯಾರಾವನ್ನು ಮೂರನೇ ಸಲ ಬರೆಯುತ್ತಿದ್ದೇನೆ. ಮೊದಲ ಎರಡು ಸಲ ಬರೆದದ್ದು ಇದು: ಒಂದೇ ವರ್ಗದಲ್ಲಿ ಅವಳ ಜೊತೆ ಕೂತರೆ ಗೆಳೆಯರು ಗಂಡ ಹೆಂಡ್ತಿ ಎಂದು ಕಾಡುತ್ತಾರೆ, ಅದಕ್ಕೆ ಹೆದರಿ ಅವಳು ಸೈನ್ಸಿಗೆ ಬರದಂತೆ ನೋಡಿಕೊಂಡೆ. ಹದಿನಾರರ ಹುಡುಗನೊಬ್ಬನ ನಾಚಿಕೆ. ಓದುವವರು ಕ್ಷಮಿಸುವಂಥದ್ದು. ಗೆಳೆಯರಿಗೂ ಹೀಗೆಯೇ ಹೇಳಿದ್ದೇನೆ, ಅವರು ಕ್ಷಮಿಸಿದ್ದಾರೆ. ಅದು ಸುಳ್ಳಲ್ಲ, ಹೆದರಿಕೆ ಇತ್ತು. ಆದರೆ ಅಜ್ಜಿಯ ಮಾತಿನಲ್ಲಿ ನನಗೆ ತಾಗಿದ್ದು ಹೆಂಡತಿ ಎಂಬುದಲ್ಲ, ಶ್ಯಾಣ್ಯಾಕಿ ಎಂಬುದು. ಒಂದೇ ಕೋಣೆಯಲ್ಲಿ, ಒಂದೇ ಹಲಗೆಯ ಮುಂದೆ, ಎರಡು ವರ್ಷ ಅವಳು ನನಗಿಂತ ಮುಂಚೆ ಲೆಕ್ಕ ಬಿಡಿಸುವುದನ್ನು ನಾನು ನೋಡಬೇಕಾಗಿತ್ತು.

ಮಾವ ಅಂಗಿಯ ಗುಂಡಿ ಬಿಚ್ಚಿ ಗೋಡೆಗೆ ಆತು ಕೂತ. ಅವ್ವ ಮತ್ತು ಅವಳು ಅಡುಗೆ ಮನೆಯಲ್ಲಿದ್ದರು. ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಮಾವ ನನ್ನನ್ನು ಕೇಳಿದ್ದು ಸರಳ ಪ್ರಶ್ನೆ.

"ಅಳಿಯಪ್ಪಾ, ಈ ಸೈನ್ಸ್, ಆರ್ಟ್ಸ್, ಕಾಮರ್ಸ್ ಅಂತಾರಲ್ಲ, ಯಾವ ಹಾದಿ ಹಿಡದ್ರ ಎಲ್ಲಿ ಮುಟ್ಟತೈತಿ, ನನಗ ತಿಳಿಯೂ ಹಂಗ ಒಂದ ಕಡೆ ಬರದು ತೋರಸು."

ಆಗ ನಾನು ಏಪ್ರಿಲ್ ಹಾಳೆ ತಂದೆ. ಮೇಲೆ ನಡುವೆ ಎಸ್ಸೆಸ್ಸೆಲ್ಸಿ ಎಂದು ಚೌಕ ಹಾಕಿ, ಕೆಳಗೆ ಮೂರು ಕವಲು ಎಳೆದೆ. ಸೈನ್ಸಿನ ಕೆಳಗೆ ಡಾಕ್ಟರ್, ಇಂಜಿನಿಯರ್, ಬಿಎಸ್ಸಿ. ಕಾಮರ್ಸಿನ ಕೆಳಗೆ ಬ್ಯಾಂಕು. ಆರ್ಟ್ಸಿನ ಕೆಳಗೆ ಬಿಎ, ಡಿಎಡ್. ಡಿಎಡ್‌ನಿಂದ ಕೆಂಪು ಗೆರೆ ಎಳೆದು ಕೊನೆಗೆ ಶಿಕ್ಷಕಿ ಎಂದು ಬರೆದು ಸುತ್ತ ಎರಡು ಸುತ್ತು ಹಾಕಿದೆ. ಬಿಎಸ್ಸಿಯನ್ನು ಅಲ್ಲಿಗೇ ನಿಲ್ಲಿಸಿದೆ.

ಅಲ್ಲಿಂದ ಒಂದು ಗೆರೆ ಮುಂದಕ್ಕೆ ಹೋಗಬೇಕಿತ್ತು. ಗಣಿತವಿದ್ದ ಬಿಎಸ್ಸಿ, ಅದರ ಮೇಲೆ ಬಿಎಡ್, ಆಮೇಲೆ ಹೈಸ್ಕೂಲಿನ ಗಣಿತದ ಅಕ್ಕೋರು. ಡಿಎಡ್ ಮುಟ್ಟಿಸುವುದು ಪ್ರಾಥಮಿಕ ಶಾಲೆಗೆ ಮಾತ್ರ. ಪಿಯುಸಿಯಲ್ಲಿ ಆರ್ಟ್ಸ್ ಹಿಡಿದವರಿಗೆ ಹೈಸ್ಕೂಲ್ ಗಣಿತದ ಆ ಬಾಗಿಲು ಮುಚ್ಚಿದಂತೆ. ನಮ್ಮ ಸರ್ ಇದನ್ನು ನನಗೆ ತಮ್ಮದೇ ಉದಾಹರಣೆ ಕೊಟ್ಟು ಹೇಳಿದ್ದರು. ಮರೆತಿರಲಿಲ್ಲ. ಬಿಎಸ್ಸಿ ಎಂದು ಬರೆದ ಮೇಲೆ ನೀಲಿ ಪೆನ್ನು ಒಂದು ಕ್ಷಣ ಕಾಗದದ ಮೇಲೆಯೇ ನಿಂತಿತ್ತು, ಮಸಿಯ ಚುಕ್ಕಿ ದಪ್ಪವಾಯಿತು ಎಂದು ನೆನಪು. ಈ ಚುಕ್ಕಿಯನ್ನು ಆಮೇಲೆ ಕಟ್ಟಿಕೊಂಡಿರಬಹುದು. ನಾನು ಬರೆಯುವವನು, ಇಂಥ ಚುಕ್ಕಿಗಳನ್ನು ಇಡುವುದು ನನಗೆ ಕಷ್ಟವಲ್ಲ.

ಮಾವ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಒಂದೊಂದೇ ಗೆರೆ ಹಿಡಿದು ಹೋದ. ಹೊಲದ ನಕಾಶೆ ನೋಡುವ ಹಾಗೆ.

"ಹಂಗಾರ ಸಾಲಿ ಕಲಸೂ ನೌಕರಿ ಬೇಕಂದ್ರ ಆರ್ಟ್ಸ್ ಅಂದಂಗಾತು."

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಡಿಎಡ್‌ಗೆ ಪಿಯುಸಿ ಮಾರ್ಕ್ಸು ನೋಡುತ್ತಾರೆ, ಆರ್ಟ್ಸಿನಲ್ಲಿ ಮಾರ್ಕ್ಸು ಚಲೋ ಬೀಳುತ್ತವೆ, ಸೈನ್ಸಿಗೆ ಟ್ಯೂಷನ್ ಬೇಕು, ಕುಪ್ಪೇಲೂರಿನಿಂದ ಓಡಾಡುವವಳಿಗೆ ಸಂಜೆ ಬಸ್ಸು ತಪ್ಪುತ್ತದೆ ಎಂದೆಲ್ಲ ಹೇಳಿದೆ. ಒಂದೊಂದು ಮಾತೂ ನಿಜ. ಇಂದಿಗೂ ಯಾರಾದರೂ ಕೇಳಿದರೆ ಅವೇ ಮಾತುಗಳನ್ನು ಹೇಳಬಹುದು. ನಿಜವಾದ ಮಾತುಗಳನ್ನೇ ಒಂದರ ಪಕ್ಕ ಒಂದು ಇಟ್ಟು ಒಬ್ಬರ ಹಾದಿ ಮುಚ್ಚಬಹುದು ಎಂಬುದನ್ನು ಅಂದೇ ಕಲಿತೆ, ಪಾಠವೆಂದು ಆಗ ತಿಳಿಯಲಿಲ್ಲ, ಅಷ್ಟೆ.

ಅವಳು ಕೈಗೆ ಹತ್ತಿದ ಹಿಟ್ಟನ್ನು ಉಜ್ಜುತ್ತ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಬರೆಯುವ ಆಸೆಯಾಗುತ್ತದೆ. ಎಷ್ಟು ಹೊತ್ತೋ ಗೊತ್ತಿಲ್ಲ.

"ಇಷ್ಟ ಹಾದಿ ಅದಾವೇನು?"

"ಇಷ್ಟ ಅದಾವ," ಎಂದೆ.

ಅಷ್ಟೇ. ಅರ್ಜಿ ತುಂಬಿದೆ. ಅವಳ ಹೆಸರು, ಅವಳ ತಂದೆಯ ಹೆಸರು, ಮಾತೃಭಾಷೆ. ವಿಷಯಗಳ ಕಾಲಮ್ಮಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ನನ್ನ ಅರ್ಜಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಎರಡೂ ಒಂದೇ ಪೆನ್ನು, ಒಂದೇ ದುಂಡು ಅಕ್ಷರ. ಅವಳು ಸಹಿ ಮಾಡಿದಳು, ಮಾವ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿದ. ಊಟಕ್ಕೆ ಕೂತಾಗ ಅವ್ವ ನನಗೆ ಕೇಳದೆಯೇ ಮತ್ತೊಂದು ರೊಟ್ಟಿ ಹಾಕಿದಳು. ಶ್ಯಾಣ್ಯಾ ಕೆಲಸ ಮಾಡಿದ್ದನಲ್ಲ. ಹೋಗುವಾಗ ಹಾಳೆ ತಾನು ಒಯ್ಯುತ್ತೇನೆಂದು ಅವಳು ಅದನ್ನು ಕೊಳವೆಯಂತೆ ಸುತ್ತಿಕೊಂಡಳು. ಯಾಕೆ ಬೇಕೆಂದು ಯಾರೂ ಕೇಳಲಿಲ್ಲ.

ಎರಡು ವರ್ಷ ಒಂದೇ ಕಾಲೇಜಿನಲ್ಲಿ ಓದಿದೆವು. ಸೈನ್ಸಿನವರಿಗೆ ಮೇಲಿನ ಮಾಳಿಗೆ, ಆರ್ಟ್ಸಿನವರಿಗೆ ಕೆಳಗಿನದು. ಮಾಳಿಗೆಯ ಕಿಟಕಿಯಿಂದ ಆರ್ಟ್ಸಿನ ಹುಡುಗಿಯರು ಬಸ್ ಸ್ಟ್ಯಾಂಡಿಗೆ ಹೋಗುವುದು ಕಾಣುತ್ತಿತ್ತು. ಗೆಳೆಯರಿಗೆ ಅವಳು ನನ್ನ ಮಾವನ ಮಗಳೆಂದು ಗೊತ್ತೇ ಆಗಲಿಲ್ಲ. ಹಾಗೆ ನೋಡಿಕೊಂಡೆ. ಎದುರಿಗೆ ಬಂದರೆ ಅವಳು ಹುಬ್ಬು ಏರಿಸಿ ಮಾತಾಡಿಸುತ್ತಿದ್ದಳು, ನಾನು ಚೀಲ ಸರಿಪಡಿಸಿಕೊಳ್ಳುತ್ತಿದ್ದೆ.

ಮೊದಲ ವರ್ಷದ ರಜೆಯಲ್ಲಿ ಅವಳು ನನ್ನ ಗಣಿತದ ಪುಸ್ತಕ ಕೇಳಿ ಒಯ್ದಳು. ಸುಮ್ಮನೆ ನೋಡಲಿಕ್ಕೆ ಎಂದಳು. ಜೂನಿನಲ್ಲಿ ವಾಪಸು ಬಂದ ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಸಣ್ಣ ಸಣ್ಣ ಗುರುತು, ಬಿಡಿಸಿದ ಲೆಕ್ಕಗಳ ಎದುರು ಒಂದೊಂದು ಗೀಟು. ನನಗೆ ಬಾರದೆ ಬಿಟ್ಟಿದ್ದ ಲೆಕ್ಕಗಳ ಎದುರೂ ಇತ್ತು. ನಾನು ಅವನ್ನು ರಬ್ಬರಿನಿಂದ ಅಳಿಸಿದೆ. ಎಲ್ಲವನ್ನೂ ಅಳಿಸಲು ಒಂದು ಸಂಜೆಯೇ ಹಿಡಿಯಿತು. ಈ ಬರಹದಲ್ಲಿ ಬರೆಯಬಾರದೆಂದು ಕೊನೆಯವರೆಗೂ ಅಂದುಕೊಂಡಿದ್ದು ಇದೊಂದೇ ಸಾಲು. ಎರಡನೇ ವರ್ಷದ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ನಲವತ್ತೊಂದು ಬಿತ್ತು. ಮುಂದೆ ನಾನು ಬಿಎಗೆ ಸೇರಿದೆ. ಅವಳಿಗೆ ತೋರಿಸಿದ ಕವಲಿಗೆ ನಾನೇ ಹೋಗಿ ಬಿದ್ದೆ. ಇದನ್ನು ಶಿಕ್ಷೆ ಎಂದು ಕರೆದುಕೊಂಡು ಸಮಾಧಾನ ಪಡುವ ಚಟವೂ ನನಗಿತ್ತು. ಅದು ಶಿಕ್ಷೆಯಲ್ಲ. ನನಗೆ ಗಣಿತ ಬರುತ್ತಿರಲಿಲ್ಲ, ಅಷ್ಟೆ.

ಅವಳಿಗೆ ಆರ್ಟ್ಸಿನಲ್ಲಿ ಒಳ್ಳೆಯ ಮಾರ್ಕ್ಸು ಬಿದ್ದವು, ಡಿಎಡ್‌ಗೆ ಕರೆ ಬಂತು. ಮೂಲ ದಾಖಲೆ ತೋರಿಸಲು ಹಾವೇರಿಗೆ ಹೋಗಬೇಕಿತ್ತು. ಮಾವನಿಗೆ ಬಿತ್ತನೆಯ ಗಡಿಬಿಡಿ, ಕಚೇರಿಯ ಕೆಲಸ ಗೊತ್ತಿದ್ದವನು ನಾನು, ಜೊತೆಗೆ ಹೋದೆ. ಉದ್ದನೆಯ ಸಾಲು. ಮೇಜಿನ ಹಿಂದೆ ಕೂತಿದ್ದ ಹೆಂಗಸು, ಚಷ್ಮಾ ಮೂಗಿನ ತುದಿಗೆ ಇಳಿಸಿಕೊಂಡವಳು, ಒಂದೊಂದೇ ಕಾಗದ ತಿರುವಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲೆ ನಿಂತಳು.

"ಗಣಿತದಾಗ ತೊಂಬತ್ಮೂರು ತಗೊಂಡು ಆರ್ಟ್ಸಿಗೆ ಯಾಕ ಹೋದಿ ತಂಗಿ?"

"ಮನ್ಯಾಗ ಎಲ್ಲಾರೂ ಕೂಡಿ ವಿಚಾರ ಮಾಡಿ ಹಾಕಿದ್ರಿ."

"ಎಲ್ಲಾರೂ ಅಂದ್ರ? ಶ್ಯಾಣ್ಯಾರು ಒಬ್ಬರೂ ಇದ್ದಿಲ್ಲೇನವಾ ನಿಮ್ಮ ಮನ್ಯಾಗ?"

"ಇದ್ದರಿ," ಎಂದಳು, "ಒಬ್ಬವ ಇದ್ದ."

ಹೇಳುವಾಗ ನನ್ನ ಕಡೆ ನೋಡಲಿಲ್ಲ. ಆ ಹೆಂಗಸು ನಕ್ಕು ಸೀಲು ಹೊಡೆದಳು. ನಾನು ಅಲ್ಲೇ ಅವಳ ಭುಜದ ಹಿಂದೆ ಝೆರಾಕ್ಸ್ ಪ್ರತಿಗಳನ್ನು ಹಿಡಿದು ನಿಂತಿದ್ದೆ. ಹೊರಗೆ ಬಂದ ಮೇಲೆ ಬಸ್ ಸ್ಟ್ಯಾಂಡಿನ ಎದುರು ಗಿರಮಿಟ್ಟು ತಿಂದೆವು. ಖಾರ ಹೆಚ್ಚಾಗಿದೆ ಎಂದಳು. ವರದಾ ಹೊಳೆಗೆ ನೀರು ಬಂದಿದೆಯಂತೆ ಎಂದಳು. ನಾನು ಆಗ ಹೇಳಬಹುದಿತ್ತು. ಡಿಎಡ್‌ಗೆ ಇನ್ನೂ ಸೇರಿರಲಿಲ್ಲ, ಬೇಕಾದರೆ ಪಿಯುಸಿಯನ್ನೇ ಹೊಸದಾಗಿ ಸೈನ್ಸಿನಲ್ಲಿ ಕಟ್ಟಿ ಓದುವ ಹಾದಿಯೂ ಇತ್ತು. ಎರಡು ವರ್ಷ ಹೋಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಅದೂ ನನಗೆ ಗೊತ್ತಿತ್ತು. ನಾನು ಇನ್ನೊಂದು ಪ್ಲೇಟು ಬೇಕೇ ಎಂದು ಕೇಳಿದೆ.

ಡಿಎಡ್ ಮುಗಿದ ವರ್ಷವೇ ಅವಳ ಮದುವೆ ಬ್ಯಾಡಗಿಗೆ ಆಯಿತು. ಗಂಡ ಒಳ್ಳೆಯವನು, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು, ಗಂಡ ಹೆಂಡತಿಯ ಚೇಷ್ಟೆ ಅವಳ ಜೊತೆಗೇ ಹೋಗಿತ್ತು. ಸರಕಾರಿ ಶಾಲೆಯ ನೌಕರಿ ಇನ್ನೂ ಸಿಕ್ಕಿರಲಿಲ್ಲ. ಖಾಸಗಿ ಪ್ರಾಥಮಿಕ ಶಾಲೆಯೊಂದರಲ್ಲಿ ಕಲಿಸುತ್ತಾಳೆ, ಸಂಜೆ ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ ಎಂದು ಅವ್ವ ಹೇಳಿದ್ದಳು. ನನ್ನ ತಂಗಿಯ ಮದುವೆಯ ಪತ್ರಿಕೆ ಕೊಡಲು ಹೋದೆ. ಎರಡು ಸಾವಿರದ ಒಂಬತ್ತು ಅಥವಾ ಹತ್ತು. ಮೆಣಸಿನಕಾಯಿ ಸುಗ್ಗಿ, ಊರಿಗೆ ಊರೇ ಘಾಟು. ಬಸ್ಸು ಇಳಿಯುತ್ತಲೇ ಕೆಮ್ಮಲು ಶುರು ಮಾಡಿದವನು ಅವರ ಮನೆ ಮುಟ್ಟುವವರೆಗೂ ಕೆಮ್ಮುತ್ತಿದ್ದೆ. ಅಲ್ಲಿಯವರು ಯಾರೂ ಕೆಮ್ಮುವುದಿಲ್ಲ, ನೋಡಿ ನಗುತ್ತಾರೆ.

ಪಡಸಾಲೆಯಲ್ಲಿ ಏಳೆಂಟು ಮಕ್ಕಳು. ಗೋಡೆಗೆ ಕಪ್ಪು ಬಣ್ಣ ಬಳಿದು ಹಲಗೆ ಮಾಡಿಕೊಂಡಿದ್ದಳು. ಅದರ ಮೇಲೊಂದು ವೃತ್ತವಿತ್ತು. ಕೈಯಿಂದ ಬರೆದದ್ದೋ ಅಲ್ಲವೋ ನೋಡಿದರೆ ತಿಳಿಯುವಂತಿರಲಿಲ್ಲ. ಕೂಡ್ರು, ಇವರನ್ನು ಕಳಿಸಿ ಚಹಾ ಮಾಡುತ್ತೇನೆ ಎಂದಳು. ಹತ್ತನೇ ಇಯತ್ತೆಯ ಹುಡುಗಿಯೊಬ್ಬಳು ಮುಂದೆ ಏನು ತೆಗೆದುಕೊಳ್ಳಲಿ ಅಕ್ಕೋರ, ನೀವೇ ಬರೆದುಕೊಡಿ ಎಂದು ಗೋಗರೆಯುತ್ತಿದ್ದಳು. ಇವಳು ಹಾಳೆಯನ್ನೂ ಪೆನ್ನನ್ನೂ ಆ ಹುಡುಗಿಯ ಮುಂದೆಯೇ ಸರಿಸಿದಳು.

"ನೀನ ಬರಿ. ನಾ ಹೇಳತೇನಿ, ಎಲ್ಲಾ ಹಾದೀನೂ ಹೇಳತೇನಿ. ಗೆರಿ ಮಾತ್ರ ನೀನ ಎಳಿ."

ನಾನು ಕೂತಲ್ಲಿ ಕೈಗೆ ಸಿಕ್ಕ ಪುಸ್ತಕ ತೆಗೆದುಕೊಂಡೆ. ಎಲ್ಲಿ ನೋಡಬೇಕೆಂದು ತಿಳಿಯದಾಗ ಮನುಷ್ಯ ಪುಸ್ತಕ ತೆಗೆದುಕೊಳ್ಳುತ್ತಾನೆ. ಹಳೆಯ ಎಸ್ಸೆಸ್ಸೆಲ್ಸಿ ಗಣಿತ, ಅವಳದೇ. ದಪ್ಪ ಕಾಗದದ ಹೊದಿಕೆ, ಮೇಲೆ ಗೋವಿನಜೋಳದ ತೆನೆಯ ಚಿತ್ರ, ಅದರ ಕೆಳಗೆ ಫೆಬ್ರವರಿ ತಿಂಗಳ ತಾರೀಖುಗಳು. ಏಪ್ರಿಲ್ ಅಲ್ಲ. ಹೊದಿಕೆಯ ಒಳಮಡಿಕೆ ಬಿಟ್ಟುಕೊಂಡಿತ್ತು. ಬಿಡಿಸಿದೆ. ಕೆಂಪು, ನೀಲಿ. ನನ್ನ ದುಂಡು ಅಕ್ಷರ. ಶಿಕ್ಷಕಿ ಎಂಬುದರ ಸುತ್ತ ಎರಡು ಸುತ್ತು.

ಬಿಎಸ್ಸಿಯಿಂದ ಕೆಳಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಇತ್ತು. ಕೆಳಗೆ ಬಿಎಡ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹೈಸ್ಕೂಲ್, ಗಣಿತ. ಅವಳ ಅಕ್ಷರ.

ತಲೆ ಎತ್ತಿದಾಗ ಅವಳು ನೋಡುತ್ತಿದ್ದಳು. ಮಕ್ಕಳು ಚೀಲ ಕಟ್ಟಿಕೊಳ್ಳುತ್ತಿದ್ದರು. ಅವಳು ಬಂದು ಪುಸ್ತಕ ಇಸಕೊಂಡು, ಮಡಿಕೆಯನ್ನು ಮೊದಲಿದ್ದಂತೆ ಒಳಗೆ ತುರುಕಿ, ಉಗುರಿನಿಂದ ಗೀರಿ ಸರಿಮಾಡಿದಳು.

"ಹಾಳಿ ಚಲೋ ದಪ್ಪ ಇತ್ತು. ಅದಕ್ಕ ಇಟ್ಟೇನಿ," ಎಂದಳು. "ಚಹಾಕ್ಕ ಸಕ್ಕರಿ ಎಷ್ಟು ಹಾಕ್ಲಿ?"

ಒಂದು ಚಮಚ ಎಂದೆ. ಚಹಾ ಕುಡಿದೆ. ಪತ್ರಿಕೆಗೆ ಕುಂಕುಮ ಹಚ್ಚಿ ಕೊಟ್ಟೆ. ತಪ್ಪಾಯಿತು ಎಂಬ ಮಾತು ಬಾಯಿಯವರೆಗೆ ಬಂದಿತ್ತು ಎಂದು ಬರೆದರೆ ಚೆಂದ ಕಾಣುತ್ತದೆ. ಬಂದಿರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದೆ. ಅವಳು ಬಾಗಿಲವರೆಗೆ ಬಂದು, ಕೆಮ್ಮಿಗೆ ಬೆಲ್ಲ ಬಾಯಲ್ಲಿಟ್ಟುಕೋ ಎಂದು ಒಂದು ಚೂರು ಕೊಟ್ಟಳು.

ಆ ಪೆನ್ಸಿಲ್ ಗೆರೆಯನ್ನು ಅವಳು ಯಾವಾಗ ಎಳೆದಳೋ ಗೊತ್ತಿಲ್ಲ. ಹಾಳೆ ಒಯ್ದ ವಾರದಲ್ಲೇ ಅವರ ಅಕ್ಕೋರಿಗೆ ತೋರಿಸಿ ತಿಳಿದು ಎಳೆದಿರಬಹುದು. ಆಗ ಕಾಲೇಜು ಇನ್ನೂ ಶುರುವಾಗಿರಲಿಲ್ಲ, ಅರ್ಜಿ ಬದಲಿಸುವ ಹೊತ್ತು ಇತ್ತು. ಹಾಗಿದ್ದರೆ ಎಲ್ಲ ತಿಳಿದೂ ಸುಮ್ಮನಾದಳು, ಯಾಕೆಂದು ನನಗೆ ತಿಳಿಯದು. ಅಥವಾ ನನ್ನ ಪುಸ್ತಕದ ಲೆಕ್ಕ ಬಿಡಿಸಿದ ರಜೆಯಲ್ಲಿ. ಅಥವಾ ಹಾವೇರಿಯಿಂದ ಬಂದ ಸಂಜೆ. ಅಥವಾ ಬ್ಯಾಡಗಿಯಲ್ಲಿ, ಯಾವುದೋ ಹುಡುಗಿಗೆ ಹಾದಿ ಹೇಳಿಕೊಡುವಾಗ. ಕೇಳಿದರೆ ಹೇಳುತ್ತಾಳೆ. ವರ್ಷಕ್ಕೆ ಎರಡು ಮೂರು ಸಲ ಭೇಟಿಯಾಗುತ್ತೇವೆ. ನಾನು ಕೇಳಿಲ್ಲ.